ರೇಸ್ ತರುವ ಲೆಕ್ಕ: ಒಂದು ಪ್ರಾಜೆಕ್ಟ್ ರಿಪೋರ್ಟ್ ಬರೆದ ಅನುಭವ

ನಾನು ಚಾರ್ಟರ್ಡ್ ಅಕೌಂಟೆಂಟ್. ಬೆಂಗಳೂರಿನ ಒಂದು ಸಣ್ಣ ಫರ್ಮ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು ನನ್ನ ಮುಖ್ಯ ಕೆಲಸ. ಸಾಲ ಕೊಡುವ ಮೊದಲು ಬ್ಯಾಂಕಿನವರು ಕೇಳುತ್ತಾರಲ್ಲ, ಅದೇ. ಅಕ್ಕಿ ಗಿರಣಿ, ಕೋಲ್ಡ್ ಸ್ಟೋರೇಜ್, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಇಂಥವೇ ಜಾಸ್ತಿ. 2023ರಲ್ಲಿ ಬಂದ ಒಂದು ಕೆಲಸ ಮಾತ್ರ ಬೇರೆ ಥರದ್ದು. ನಗರದಿಂದ ಆಚೆ ಜಮೀನು ಇಟ್ಟುಕೊಂಡಿದ್ದ ಮೂವರು ಪಾಲುದಾರರು ಆಫೀಸಿಗೆ ಬಂದರು. ಅವರಿಗೆ ರೇಸ್ ಟ್ರ್ಯಾಕ್ ಕಟ್ಟಬೇಕಿತ್ತು. ಹುಡುಗರು ಬೈಕ್ ಓಡಿಸಿ ಹೋಗುವಂಥದ್ದಲ್ಲ, ವರ್ಷಕ್ಕೊಂದು ಅಂತರರಾಷ್ಟ್ರೀಯ ರೇಸ್ ನಡೆಯುವಂಥದ್ದು.

ನಮ್ಮ ಪಾರ್ಟ್‌ನರ್ ಸರ್ ಫೈಲನ್ನು ನನ್ನ ಟೇಬಲ್‌ಗೆ ಕಳಿಸಿದರು. ನಾನು ಹೈಸ್ಕೂಲಿನಿಂದ ಫಾರ್ಮುಲಾ ಒನ್ ಕಾರ್ ರೇಸ್ ನೋಡುತ್ತೇನೆ ಎನ್ನುವುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ನಮ್ಮ ದೇಶದ ಮೊದಲ ಗ್ರಾಂಡ್ ಪ್ರೀ, ಅಂದರೆ ಫಾರ್ಮುಲಾ ಒನ್ ರೇಸ್, ನಡೆಯಿತು. ಅದೇ ದಿನ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ರಾಕ್ ತಂಡ ಮೆಟಾಲಿಕಾದ ಸಂಗೀತ. ಗೆಳತಿಯರೆಲ್ಲ ಅಲ್ಲಿಗೆ ಹೋದರು, ನಾನು ಟಿವಿ ಮುಂದೆ ಕೂತೆ. ದೇಶದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ನಮ್ಮದೇ ನೆಲದಲ್ಲಿ ಗಾಡಿ ಓಡಿಸುವುದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಹಾಗಾಗಿ ಈ ಕೆಲಸವನ್ನು ತುಂಬಾ ಆಸೆಯಿಂದ ತೆಗೆದುಕೊಂಡೆ. ಲೆಕ್ಕ ಕೂಡಿಬರಲಿ ಎಂಬ ಆಸೆ ನನಗೂ ಇತ್ತು.

ಮೊದಲ ಮೀಟಿಂಗ್‌ನಲ್ಲಿ ಹಿರಿಯ ಪಾಲುದಾರರು ನೇರವಾಗಿ ಕೇಳಿದರು.

"ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಅಮ್ಮಾ? ಅದೊಂದು ಹೇಳಿ ಸಾಕು."

ಯಾವ ಪ್ರಾಜೆಕ್ಟ್‌ನಲ್ಲೂ ಮೊದಲ ಪ್ರಶ್ನೆ ಇದೇ. ಉತ್ತರ ಹುಡುಕಬೇಕಾದರೆ ಎರಡು ಕಾಲಂ ಬೇಕು. ಒಂದು ಖರ್ಚು, ಒಂದು ಆದಾಯ. ಖರ್ಚಿನ ಕಡೆ ಬರೆಯಲು ಬೇಕಾದಷ್ಟು ಇತ್ತು. ಜಮೀನು ಅವರದೇ ಆದರೂ ಕನ್ವರ್ಷನ್ ಆಗಬೇಕು. ಎಫ್‌ಐಎ ಎಂಬ ಜಾಗತಿಕ ಕಾರ್ ರೇಸ್ ಸಂಸ್ಥೆ ಒಪ್ಪುವ ಡಾಂಬರು, ತಡೆಗೋಡೆ, ಟೈರ್ ಗೋಡೆ, ಗಾಡಿ ಜಾರಿದರೆ ನಿಲ್ಲಲು ಜಾಗ, ಪಿಟ್ ಕಟ್ಟಡ, ಆಸ್ಪತ್ರೆ, ಹೆಲಿಪ್ಯಾಡ್, ಕಂಟ್ರೋಲ್ ರೂಮ್, ಹತ್ತಾರು ಸಾವಿರ ಜನ ಕೂರುವ ಸ್ಟ್ಯಾಂಡ್. ಫಾರ್ಮುಲಾ ಒನ್ ಗಾಡಿ ಓಡಬೇಕಾದರೆ ಟ್ರ್ಯಾಕ್‌ಗೆ ಎಫ್‌ಐಎ ಗ್ರೇಡ್ 1 ಪರವಾನಗಿ ಬೇಕು. ಅದಕ್ಕಿಂತ ಕೆಳಗಿನ ಗ್ರೇಡ್‌ಗೆ ಖರ್ಚೂ ಕಡಿಮೆ, ಬರುವ ರೇಸೂ ಚಿಕ್ಕದು.

ಆದಾಯದ ಕಾಲಂನಲ್ಲಿ ಮೊದಲ ಸಾಲು 'ಟಿಕೆಟ್' ಎಂದು ಬರೆದೆ. ಎರಡನೇ ಸಾಲಿಗೆ ಬಂದಾಗಲೇ ಕಷ್ಟ ಶುರುವಾಯಿತು.

ನಮ್ಮ ಪಾಲುದಾರರ ತಲೆಯಲ್ಲಿ ಇದ್ದದ್ದು ಐಪಿಎಲ್ ಲೆಕ್ಕ. ಟಿವಿ ಹಕ್ಕು, ಜಾಹೀರಾತು ಬೋರ್ಡು, ಟೈಟಲ್ ಸ್ಪಾನ್ಸರ್, ದೊಡ್ಡವರು ಕೂರುವ ಬಾಕ್ಸ್, ಕೊನೆಗೆ ಟಿಕೆಟ್. ಐಪಿಎಲ್‌ನಲ್ಲಿ ಟಿವಿ ಹಕ್ಕಿನ ಹಣದ ದೊಡ್ಡ ಪಾಲು ತಂಡಗಳಿಗೆ ಹೋಗುತ್ತದೆ. ಸ್ಟೇಡಿಯಂ ಖಾಲಿ ಹೊಡೆದರೂ ತಂಡ ಬದುಕುತ್ತದೆ. ಗ್ರಾಂಡ್ ಪ್ರೀ ಹಾಗಲ್ಲ. ಇಲ್ಲಿ ರೇಸ್ ನಡೆಸುವ ಪ್ರಮೋಟರ್ ಮೊದಲು ತಾನೇ ಫಾರ್ಮುಲಾ ಒನ್ ಕಂಪನಿಗೆ ಶುಲ್ಕ ಕಟ್ಟಬೇಕು. ಟಿವಿ ಹಣ ಅವನದಲ್ಲ. ಟ್ರ್ಯಾಕ್ ಪಕ್ಕದ ಬೋರ್ಡುಗಳ ಹಣ ಸಾಮಾನ್ಯವಾಗಿ ಅವನದಲ್ಲ. ಪ್ಯಾಡಕ್ ಕ್ಲಬ್ ಎಂಬ ಅತಿ ದುಬಾರಿ ಆತಿಥ್ಯದ ಹಣವೂ ಅವನ ಕೈಗೆ ಬರುವುದು ಕಡಿಮೆ. ಉಳಿಯುವುದು ಟಿಕೆಟ್, ಮತ್ತೆ ಪಾರ್ಕಿಂಗ್, ತಿಂಡಿ ಅಂಗಡಿಗಳ ಬಾಡಿಗೆಯಂಥ ಚಿಲ್ಲರೆ.

ಇದನ್ನು ನಾನು ಯಾರೋ ಹೇಳಿದ ಮಾತಿನ ಮೇಲೆ ಬರೆಯಲಿಲ್ಲ. ನಮ್ಮ ದೇಶದ ಮಟ್ಟಿಗೆ ಇದಕ್ಕೆ ಒಂದು ಅದ್ಭುತ ದಾಖಲೆ ಇದೆ. 2017ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಫಾರ್ಮುಲಾ ಒನ್ ವರ್ಲ್ಡ್ ಚಾಂಪಿಯನ್‌ಶಿಪ್ ಎಂಬ ಬ್ರಿಟನ್ ಕಂಪನಿಗೂ ನಮ್ಮ ಆದಾಯ ತೆರಿಗೆ ಇಲಾಖೆಗೂ ನಡೆದ ಕೇಸು. ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ. ತೆರಿಗೆ ಓದುವವರು ಇದನ್ನು 'ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್' ವಿಷಯಕ್ಕೆ ಓದುತ್ತಾರೆ. ಮೂರು ದಿನದ ರೇಸ್ ನಡೆಸಲು ಬಂದ ವಿದೇಶಿ ಕಂಪನಿಗೆ ಇಲ್ಲಿ ಕಾಯಂ ನೆಲೆ ಇದೆ ಎನ್ನಬಹುದೇ ಎಂಬುದು ಪ್ರಶ್ನೆ. ಇದ್ದರೆ ಇಲ್ಲಿ ತೆರಿಗೆ ಬೀಳುತ್ತದೆ. ಇದೆ ಎಂದು ಕೋರ್ಟ್ ಹೇಳಿತು. ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಅಂದರೆ ಗ್ರೇಟರ್ ನೋಯ್ಡಾದ ಆ ಟ್ರ್ಯಾಕೇ, ಆ ನೆಲೆ. ರೇಸ್ ಸಮಯದಲ್ಲಿ, ಅದಕ್ಕೆ ಎರಡು ವಾರ ಮೊದಲು ಮತ್ತು ಒಂದು ವಾರ ಆಮೇಲೆ ಟ್ರ್ಯಾಕ್ ಮೇಲೆ ಅವರಿಗೆ ಪ್ರವೇಶದ ಹಕ್ಕಿತ್ತು. ನಿಜವಾದ ಹಿಡಿತ ಅವರದೇ ಎಂದು ಕೋರ್ಟ್ ನೋಡಿತು.

ನನಗೆ ಮಾತ್ರ ಆ ತೀರ್ಪು ಒಂದು ವ್ಯಾಪಾರದ ಪಾಠದಂತೆ ಕಂಡಿತು. ಸಾಮಾನ್ಯವಾಗಿ ಬೀಗ ಹಾಕಿಡುವ ಒಪ್ಪಂದದ ವಿವರಗಳು ಅಲ್ಲಿ ತೆರೆದು ಬಿದ್ದಿವೆ. 2011ರ ಸೆಪ್ಟೆಂಬರ್ 13ರ ಒಪ್ಪಂದದ ಪ್ರಕಾರ ರೇಸ್ ನಡೆಸುವ ಹಕ್ಕಿಗೆ ಟ್ರ್ಯಾಕ್ ಕಟ್ಟಿ ರೇಸ್ ನಡೆಸಿದ ಜೇಪೀ ಕಂಪನಿ ಕೊಡಬೇಕಾದದ್ದು 4 ಕೋಟಿ ಡಾಲರ್. ಟ್ರ್ಯಾಕ್ ಸುತ್ತಲಿನ ಜಾಹೀರಾತು, ಟೈಟಲ್ ಸ್ಪಾನ್ಸರ್‌ಶಿಪ್, ಪ್ಯಾಡಕ್, ಪ್ರಸಾರ, ಈ ಹಕ್ಕುಗಳೆಲ್ಲ ಬೇರೆ ಒಪ್ಪಂದಗಳ ಮೂಲಕ ಆ ವಿದೇಶಿ ಗುಂಪಿನ ಕಂಪನಿಗಳಿಗೇ ವಾಪಸ್ ಹೋದವು. ಏರ್‌ಟೆಲ್ ಜೊತೆಗಿನ ಟೈಟಲ್ ಸ್ಪಾನ್ಸರ್‌ಶಿಪ್ ಒಪ್ಪಂದವಂತೂ ಜೇಪೀ ಜೊತೆ ರೇಸ್ ಒಪ್ಪಂದ ಆಗುವ ಮೊದಲೇ, ಆಗಸ್ಟ್‌ನಲ್ಲೇ ಆಗಿಹೋಗಿತ್ತು. ಬಚ್ಚಿಟ್ಟು ಮಾಡಿದ್ದಲ್ಲ ಇದು. ವ್ಯವಸ್ಥೆಯೇ ಹಾಗಿದೆ, ಒಪ್ಪಿಕೊಂಡೇ ಸಹಿ ಹಾಕಬೇಕು.

ಇದನ್ನು ವಿವರಿಸಿದಾಗ ಹಿರಿಯ ಪಾಲುದಾರರು ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಅಂದ್ರೆ ಮಂಟಪ ನಮ್ದು, ಊಟ ನಮ್ದು, ಬಂದ ಮುಯ್ಯಿ ಮಾತ್ರ ಬೇರೆಯವ್ರ ಮನೆಗೆ."

ನಾನು ಎರಡು ಪುಟದಲ್ಲಿ ಬರೆದದ್ದನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದರು.

ಇನ್ನು ಟಿಕೆಟ್ ಲೆಕ್ಕ. 2011ರ ಭಾನುವಾರ ಸುಮಾರು 95,000 ಜನ ಬಂದಿದ್ದರು ಎಂದು ಆಗ ವರದಿಯಾಗಿತ್ತು. ಈ ರೇಸ್‌ಗೆ ಹೊಸದಾದ ದೇಶಕ್ಕೆ ಇದು ದೊಡ್ಡ ಸಂಖ್ಯೆ. ಆಗಿನ ಡಾಲರ್ ದರ ಸುಮಾರು 49 ರೂಪಾಯಿ. 4 ಕೋಟಿ ಡಾಲರ್ ಎಂದರೆ 196 ಕೋಟಿ ರೂಪಾಯಿ. ಅದನ್ನು 95,000ದಿಂದ ಭಾಗಿಸಿ ನೋಡಿ. ಒಬ್ಬೊಬ್ಬರ ಮೇಲೆ 20,600 ರೂಪಾಯಿ ಚಿಲ್ಲರೆ ಬೀಳುತ್ತದೆ. ಇದು ಬರೀ ಶುಲ್ಕ. ಕರೆಂಟು, ಭದ್ರತೆ, ಆಂಬುಲೆನ್ಸ್, ಸಿಬ್ಬಂದಿ ಯಾವುದೂ ಸೇರಿಲ್ಲ. ಆ ವರ್ಷ ಟಿಕೆಟ್ ಶುರುವಾದದ್ದು 2,500 ರೂಪಾಯಿಯಿಂದ. ಮೇಲಿನ ಸ್ಟ್ಯಾಂಡ್‌ಗೆ 35,000. ಬಂದವರಲ್ಲಿ ಜಾಸ್ತಿ ಜನ ಯಾವ ಕಡೆ ಕೂತಿರುತ್ತಾರೆ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ?

ಮಾರಿದ ಟಿಕೆಟ್ ಹಣವೂ ಪೂರ್ತಿ ಕೈಗೆ ಬರಲಿಲ್ಲ. ಉತ್ತರ ಪ್ರದೇಶ ಸರ್ಕಾರ ಕೊಟ್ಟಿದ್ದ ಮನರಂಜನಾ ತೆರಿಗೆ ವಿನಾಯಿತಿಯ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ರೇಸ್‌ಗೆ ಕೆಲವೇ ದಿನ ಇರುವಾಗ ಸುಪ್ರೀಂ ಕೋರ್ಟ್, ಟಿಕೆಟ್ ಹಣದ 25% ಅನ್ನು ಬೇರೆ ಖಾತೆಯಲ್ಲಿ ಇಡಲು ಹೇಳಿತು. ಯಾವ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೂ ಇಂಥ ಸಾಲು ಮೊದಲೇ ಇರುವುದಿಲ್ಲ.

2012ರಲ್ಲಿ ಜನ ಸುಮಾರು 65,000ಕ್ಕೆ ಇಳಿದರು. ಹೊಸತನ ಒಂದೇ ವರ್ಷಕ್ಕೆ ಕರಗುತ್ತದೆ ಎನ್ನುವುದು ಹೊಸ ದೇಶಗಳ ಎಷ್ಟೋ ರೇಸ್‌ಗಳ ಅನುಭವ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಡಾಲರ್. 2013ರ ಆಗಸ್ಟ್ ಕೊನೆಯಲ್ಲಿ ಡಾಲರ್ 68 ರೂಪಾಯಿ ದಾಟಿತ್ತು. ಅಕ್ಟೋಬರ್ ಹೊತ್ತಿಗೆ 61–62ಕ್ಕೆ ಬಂತು. ಶುಲ್ಕ ಒಂದು ಡಾಲರ್ ಕೂಡ ಏರಲಿಲ್ಲ ಎಂದುಕೊಂಡರೂ ರೂಪಾಯಿಯಲ್ಲಿ ಅದು 196 ಕೋಟಿಯಿಂದ 245 ಕೋಟಿ ಆಸುಪಾಸಿಗೆ ಬಂದಿರುತ್ತದೆ. ಎರಡು ವರ್ಷದಲ್ಲಿ 50 ಕೋಟಿ ಜಾಸ್ತಿ, ಯಾರ ತಪ್ಪೂ ಇಲ್ಲದೆ. ಟಿಕೆಟ್ ಮಾರುವುದು ರೂಪಾಯಿಯಲ್ಲಿ, ಶುಲ್ಕ ಕಟ್ಟುವುದು ಡಾಲರ್‌ನಲ್ಲಿ. ರೇಸ್ ತರಲು ಹೊರಡುವವರು ಟ್ರ್ಯಾಕ್‌ನ ತಿರುವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಈ ಒಂದು ಸಾಲಿನ ಮೇಲೆ ಹತ್ತು ನಿಮಿಷ ಕೂರುವುದಿಲ್ಲ.

ಟ್ರ್ಯಾಕ್ ಕಟ್ಟಿದ ಸಾಲ ಇನ್ನೊಂದು ಕಡೆ. ಹರ್ಮನ್ ಟಿಲ್ಕೆ ವಿನ್ಯಾಸ ಮಾಡಿದ 5.125 ಕಿಲೋಮೀಟರ್ ಟ್ರ್ಯಾಕ್, 16 ತಿರುವು. ಆಗ ಪತ್ರಿಕೆಗಳಲ್ಲಿ ಬಂದ ಅಂದಾಜು ಸುಮಾರು 2,000 ಕೋಟಿ ರೂಪಾಯಿ. ಪೂರ್ತಿ ಸಾಲವೇ ಎಂದು ಹಿಡಿದು 12% ಬಡ್ಡಿ ಹಾಕಿದರೆ ವರ್ಷಕ್ಕೆ 240 ಕೋಟಿ. ಇದು ನನ್ನ ಲೆಕ್ಕ, ಅವರ ಪುಸ್ತಕದ್ದಲ್ಲ. ಆದರೆ ಮೂರು ದಿನದ ಟಿಕೆಟ್‌ನಿಂದ ಇದು ತೀರುವ ಮಾತೇ ಅಲ್ಲ ಎಂದು ತಿಳಿಯಲು ಇಷ್ಟು ಸಾಕು.

ಹಾಗಾದರೆ ಅಷ್ಟು ದೊಡ್ಡ ಕಂಪನಿ ಯಾಕೆ ಕಟ್ಟಿತು? ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಟ್ರ್ಯಾಕ್ ಒಂದೇ ಅಲ್ಲ ಅಲ್ಲಿದ್ದದ್ದು. ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ ಸುಮಾರು 1,000 ಹೆಕ್ಟೇರ್ ಜಮೀನಿನಲ್ಲಿ ಒಂದು ಸ್ಪೋರ್ಟ್ಸ್ ಸಿಟಿ ಯೋಜನೆ. ಫ್ಲಾಟು, ವಿಲ್ಲಾ, ಸೈಟು. ಜಗತ್ತಿನ ಟಿವಿಯಲ್ಲಿ ಬರುವ ರೇಸ್ ಆ ಜಮೀನಿಗೆ ಹೆಸರು ತರಬೇಕು, ಆ ಹೆಸರು ಮನೆ ಮಾರಬೇಕು. ರೇಸ್‌ನಲ್ಲಿ ಆಗುವ ನಷ್ಟ ಒಂದು ರೀತಿಯ ಜಾಹೀರಾತು ಖರ್ಚು. ಮನೆ ಮಾರಾಟ ಚೆನ್ನಾಗಿ ನಡೆಯುವ ತನಕ ಇದು ಕೆಲಸ ಮಾಡುವ ಲೆಕ್ಕವೇ. ಮಾರಾಟ ಕುಸಿದು ಸಾಲ ಏರಿದಾಗ ಮೊದಲು ಭಾರವಾಗುವುದು ರೇಸ್. ಒಪ್ಪಂದ ಇದ್ದದ್ದು 2015ರ ತನಕ. ರೇಸ್ ನಡೆದದ್ದು 2011, 2012, 2013. ಮೂರನ್ನೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಕೊನೆಯದರಲ್ಲಿ ನಾಲ್ಕನೇ ವಿಶ್ವ ಪಟ್ಟ ಗೆದ್ದು, ಟ್ರ್ಯಾಕ್ ಮೇಲೆ ಗಾಡಿ ಗಿರ್ರನೆ ತಿರುಗಿಸಿ, ಇಳಿದು ಗಾಡಿಗೆ ನಮಸ್ಕಾರ ಮಾಡಿದರು. ಅದನ್ನು ನೋಡಿ ನಾನು ಅತ್ತಿದ್ದೆ. 2020ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಬಾಕಿ ಕಟ್ಟಿಲ್ಲ ಎಂದು ಜಮೀನು ಹಂಚಿಕೆಯನ್ನೇ ರದ್ದು ಮಾಡಿತು.

ಈ ಭಾಗ ಬರೆಯುವಾಗ ನಮ್ಮ ಪಾಲುದಾರರ ಮನಸ್ಸಿನಲ್ಲೂ ಇದೇ ಲೆಕ್ಕ ಇದೆ ಎಂದು ನನಗೆ ಗೊತ್ತಾಗಿತ್ತು. ಅವರಲ್ಲಿ ಕಿರಿಯರಾದವರು ಬಾಯಿಬಿಟ್ಟೇ ಹೇಳಿದರು.

"ಟ್ರ್ಯಾಕ್ ಲಾಸ್‌ನಲ್ಲೇ ಇರ್ಲಿ ಮೇಡಂ. ಸುತ್ತ ಲೇಔಟ್ ಮಾಡಿದ್ರೆ ಸೈಟ್ ಹೋಗುತ್ತೆ. ಅಲ್ಲಿ ಎತ್ಕೋಬಹುದು."

ಬೆಂಗಳೂರಿನಲ್ಲಿ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ಕಡೆ ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ಆದರೆ ಏರ್‌ಪೋರ್ಟ್‌ಗೆ ಜನ ದಿನಾ ಹೋಗುತ್ತಾರೆ. ರೇಸ್‌ಗೆ ವರ್ಷಕ್ಕೆ ಮೂರು ದಿನ. ಉಳಿದ ದಿನ ಇಂಜಿನ್ ಸದ್ದಿನ ಪಕ್ಕ ಮನೆ ಕಟ್ಟಿಕೊಳ್ಳುವವರು ಯಾರು? ನಾನು ಹೀಗೆ ಕೇಳಿದೆ: "ಸರ್, ಸೈಟ್ ಎಲ್ಲಾ ಮಾರಿ ಮುಗಿದ ಮೇಲೆ ಐದನೇ ವರ್ಷದ ಶುಲ್ಕ ಯಾರು ಕಟ್ಟುತ್ತಾರೆ?" ಅವರು ಉತ್ತರ ಹೇಳಲಿಲ್ಲ. ಆ ಪ್ರಶ್ನೆಯನ್ನೇ ವರದಿಯ ಒಂದು ಅಧ್ಯಾಯದ ತಲೆಬರಹ ಮಾಡಿದೆ.

2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಅದೇ ಬುದ್ಧ್ ಟ್ರ್ಯಾಕ್‌ನಲ್ಲಿ ಮೋಟೋಜಿಪಿ ಬೈಕ್ ರೇಸ್ ಇತ್ತು. 22ರಿಂದ 24ರವರೆಗೆ. ಹತ್ತು ವರ್ಷದ ಮೇಲೆ ಅಲ್ಲಿಗೆ ಬಂದ ದೊಡ್ಡ ರೇಸ್. ಕಣ್ಣಾರೆ ನೋಡದೆ ವರದಿ ಬರೆಯುವುದು ಸರಿಯಲ್ಲ ಎಂದು ಪಾರ್ಟ್‌ನರ್ ಸರ್ ಕಳಿಸಿಕೊಟ್ಟರು.

ಅಲ್ಲಿ ನನ್ನ ಕಣ್ಣು ರೇಸ್‌ಗಿಂತ ಜಾಸ್ತಿ ದುಡ್ಡು ಓಡಾಡುವ ದಾರಿಯ ಮೇಲಿತ್ತು. ನಾನು ಉಳಿದದ್ದು ದೆಹಲಿಯಲ್ಲಿ. ವಿಮಾನದಲ್ಲಿ ಪಕ್ಕ ಕೂತವರೂ, ಸ್ಟ್ಯಾಂಡ್‌ನಲ್ಲಿ ಪರಿಚಯವಾದವರೂ ಹೆಚ್ಚಿನವರು ದೆಹಲಿಯಲ್ಲೇ ಉಳಿದವರು. ಊಟ, ಶಾಪಿಂಗ್, ಟ್ಯಾಕ್ಸಿ ಎಲ್ಲ ಅಲ್ಲೇ. ಟ್ರ್ಯಾಕ್ ತನಕ ಮೆಟ್ರೋ ಇಲ್ಲ. ಬೆಳಿಗ್ಗೆ ಬಂದು ಸಂಜೆ ವಾಪಸ್. ಅಂದರೆ ರಸ್ತೆ, ಪೊಲೀಸ್, ಟ್ರಾಫಿಕ್ ಖರ್ಚು ಉತ್ತರ ಪ್ರದೇಶದ್ದು, ಹೋಟೆಲ್ ಆದಾಯ ಬಹುಪಾಲು ಬೇರೆ ರಾಜ್ಯದ್ದು. ಎಕ್ಸ್‌ಪ್ರೆಸ್‌ವೇ ಹತ್ತಿರದ ಒಂದು ಢಾಬಾದ ಮಾಲೀಕರನ್ನು ವ್ಯಾಪಾರ ಹೇಗಿದೆ ಎಂದು ಕೇಳಿದೆ. ಮೂರು ದಿನ ಜೋರು, ಆದರೆ ದಾರಿ ತಿರುಗಿಸಿದ್ದರಿಂದ ದಿನಾ ಬರುವ ಗಿರಾಕಿಗಳು ಬರಲಿಲ್ಲ ಎಂದರು. 'ರೇಸ್‌ನಿಂದ ಊರಿಗೆ ಇಷ್ಟು ಕೋಟಿ ಲಾಭ' ಎಂದು ಬರೆಯುವ ವರದಿಗಳು ಬಂದವರ ಖರ್ಚನ್ನು ಕೂಡಿಸುತ್ತವೆ. ಬಾರದೆ ಹೋದವರ ಖರ್ಚನ್ನು ಕಳೆಯುವುದಿಲ್ಲ. ನನ್ನ ವರದಿಯಲ್ಲಿ ಎರಡೂ ಇರಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ವಿದೇಶದಿಂದ ಬರಬೇಕಾದ ಎಷ್ಟೋ ಸವಾರರಿಗೆ, ತಂಡದವರಿಗೆ ಆ ಸಲ ವೀಸಾ ತಡವಾಯಿತು. ಹಲವು ಸಲ ವಿಶ್ವ ಚಾಂಪಿಯನ್ ಆದ ಮಾರ್ಕ್ ಮಾರ್ಕೆಜ್ ಅಂಥವರೂ ಕಾಯಬೇಕಾಯಿತು. ಬಿಸಿಲು ಎಷ್ಟಿತ್ತೆಂದರೆ ಮುಖ್ಯ ರೇಸನ್ನು 24 ಲ್ಯಾಪ್‌ನಿಂದ 21ಕ್ಕೆ ಇಳಿಸಿದರು. ಮಾರ್ಕೊ ಬೆಜೆಕ್ಕಿ ಗೆದ್ದರು. ವೀಸಾ, ಕಸ್ಟಮ್ಸ್, ಹವೆ ಇವೆಲ್ಲ ಅರ್ಥಶಾಸ್ತ್ರವಲ್ಲ ಎನಿಸಬಹುದು. ಆದರೆ ಒಂದು ತಂಡ ನೂರಾರು ಜನರನ್ನು, ಟನ್‌ಗಟ್ಟಲೆ ಸಾಮಾನನ್ನು ಹೊತ್ತು ದೇಶದಿಂದ ದೇಶಕ್ಕೆ ಓಡುತ್ತಿರುತ್ತದೆ. ಒಂದು ದೇಶದಲ್ಲಿ ಮಾತ್ರ ಕಾಗದಪತ್ರದ ಕೆಲಸ ಎರಡರಷ್ಟು ಆದರೆ ಆ ದೇಶದ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. 2009ರಲ್ಲಿ ನಮ್ಮ ಕ್ರೀಡಾ ಸಚಿವಾಲಯ ಫಾರ್ಮುಲಾ ಒನ್ ಕ್ರೀಡೆಯೇ ಅಲ್ಲ, ಮನರಂಜನೆ ಎಂದು ಹೇಳಿ, ಶುಲ್ಕದ ಹಣ ಹೊರಗೆ ಕಳಿಸಲು ಒಪ್ಪಿಗೆ ಕೊಟ್ಟಿರಲಿಲ್ಲ. ಅಲ್ಲಿಂದ ಶುರುವಾದ ಎಳೆದಾಟ ಅದು. ಮೋಟೋಜಿಪಿ ಕೂಡ ಒಂದೇ ವರ್ಷಕ್ಕೆ ನಿಂತಿತು. 2024ರ ರೇಸ್ ರದ್ದಾಯಿತು.

ಅಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಒಬ್ಬ ಮಾರ್ಷಲ್. ಬಾವುಟ ಹಿಡಿದು, ಬಿದ್ದ ಬೈಕ್ ಎತ್ತಿ, ಬೆಂಕಿ ಆರಿಸಲು ಸಿದ್ಧವಾಗಿ ನಿಲ್ಲುವವರು. ಹೊರಗೆ ಬಸ್‌ಗೆ ಕಾಯುವಾಗ ನಾನು ಫೋನ್‌ನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಅವನೇ ಬಂದು ಮಾತಾಡಿಸಿದ.

"ಅಕ್ಕಾ, ನೀವೂ ಬೆಂಗಳೂರಾ?"

ಅವನು ಮದ್ರಾಸ್ ಟ್ರ್ಯಾಕ್‌ನಲ್ಲಿ, ಅಂದರೆ ಚೆನ್ನೈ ಹೊರಗಿನ ಇರುಂಗಾಟ್ಟುಕೊಟ್ಟೈನಲ್ಲಿ, ಕೆಲಸ ಕಲಿತವನು. ಸಂಬಳಕ್ಕಾಗಿ ಅಲ್ಲ, ಪ್ರೀತಿಗೆ ಬಂದಿದ್ದ. "ಟ್ರ್ಯಾಕ್ ಆರು ತಿಂಗಳಲ್ಲಿ ಕಟ್ಟಬಹುದು ಅಕ್ಕಾ. ಹಳದಿ ಬಾವುಟ ಯಾವ ಕ್ಷಣದಲ್ಲಿ ಎತ್ತಬೇಕು ಅನ್ನೋದು ರೇಸ್ ಮೇಲೆ ರೇಸ್ ಮಾಡಿದ್ರೇನೇ ಬರೋದು" ಎಂದ. ಈ ಮಾತು ನನ್ನ ವರದಿಯ ದಿಕ್ಕನ್ನೇ ಬದಲಿಸಿತು. ಮಾರ್ಷಲ್, ರೇಸ್ ಡಾಕ್ಟರ್, ಗಾಡಿ ತಪಾಸಣೆ ಮಾಡುವವರು, ಟೈಮಿಂಗ್ ನೋಡುವವರು, ಇವರೆಲ್ಲ ಒಂದು ದೇಶದ ಆಸ್ತಿ. ದೊಡ್ಡ ರೇಸ್ ಹೋದ ಮೇಲೂ ಉಳಿಯುವುದು ಇದೊಂದೇ. ಇದನ್ನು ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ತೋರಿಸುವುದಿಲ್ಲ.

ವಾಪಸ್ ಬಂದು ಆ ಹೊತ್ತಿನ ದರದಲ್ಲಿ ಲೆಕ್ಕ ಹಾಕಿದೆ. ಫಾರ್ಮುಲಾ ಒನ್ ಮಾಲೀಕ ಕಂಪನಿ ಲಿಬರ್ಟಿ ಮೀಡಿಯಾ ಷೇರುಪೇಟೆಯಲ್ಲಿದೆ, ಲೆಕ್ಕ ಪ್ರಕಟಿಸುತ್ತದೆ. 2023ರಲ್ಲಿ ಒಟ್ಟು ಆದಾಯ ಸುಮಾರು 320 ಕೋಟಿ ಡಾಲರ್. ಅದರಲ್ಲಿ ಸುಮಾರು 29% ರೇಸ್ ನಡೆಸುವವರು ಕಟ್ಟಿದ ಶುಲ್ಕ. ಆ ವರ್ಷ ನಡೆದದ್ದು 22 ರೇಸ್. ಸರಾಸರಿ ಒಂದಕ್ಕೆ 4.2 ಕೋಟಿ ಡಾಲರ್ ಬರುತ್ತದೆ. 83 ರೂಪಾಯಿ ದರದಲ್ಲಿ 350 ಕೋಟಿ. ಹೊಸ ದೇಶಗಳು ಸರಾಸರಿಗಿಂತ ಜಾಸ್ತಿಯೇ ಕಟ್ಟುತ್ತವೆ, ಹಳೆಯ ಯುರೋಪಿನ ಟ್ರ್ಯಾಕ್‌ಗಳು ಕಡಿಮೆ.

ಅದರ ಮೇಲೆ ಜಿಎಸ್‌ಟಿ. ಇದು ನನ್ನ ವೃತ್ತಿಯ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿದೇಶದಿಂದ ಸೇವೆ ತರಿಸಿಕೊಂಡರೆ ತರಿಸಿಕೊಂಡವರೇ ರಿವರ್ಸ್ ಚಾರ್ಜ್‌ನಲ್ಲಿ 18% ಕಟ್ಟಬೇಕು. 350 ಕೋಟಿಗೆ 63 ಕೋಟಿ. ಇದನ್ನು ಟಿಕೆಟ್ ಮೇಲೆ ವಸೂಲು ಮಾಡುವ ಜಿಎಸ್‌ಟಿಯಲ್ಲಿ ಕ್ರೆಡಿಟ್ ತೆಗೆದುಕೊಳ್ಳಬಹುದು, ಅಂದರೆ ಅಷ್ಟನ್ನು ಕಳೆದು ಕಟ್ಟಬಹುದು. ಸರಿ. ಆದರೆ 100 ಕೋಟಿ ಟಿಕೆಟ್ ಮಾರಿದರೂ, 18% ಎಂದು ಹಿಡಿದರೆ, ಅಲ್ಲಿ ಬರುವುದು 18 ಕೋಟಿ. ಉಳಿದ 45 ಕೋಟಿ ಕ್ರೆಡಿಟ್ ಲೆಡ್ಜರ್‌ನಲ್ಲೇ ಕೂತಿರುತ್ತದೆ, ಮುಂದಿನ ವರ್ಷ ಇನ್ನಷ್ಟು ಸೇರುತ್ತದೆ. ಶುಲ್ಕದ ಮೇಲೆ ಟಿಡಿಎಸ್ ಕಡಿಯುವ ಜವಾಬ್ದಾರಿಯೂ ದುಡ್ಡು ಕೊಡುವವರದೇ. ಆ 2017ರ ತೀರ್ಪು ಅದನ್ನೂ ಸ್ಪಷ್ಟ ಮಾಡಿದೆ. ವಿದೇಶಿ ಕಂಪನಿ 'ತೆರಿಗೆ ಕಳೆದು ನನಗೆ ಇಷ್ಟು ಬರಬೇಕು' ಎಂದು ಒಪ್ಪಂದದಲ್ಲಿ ಬರೆಸಿಕೊಂಡರೆ ಆ ಭಾರವೂ ಇಲ್ಲಿಗೇ.

ಹಾಗಾದರೆ ಎಲ್ಲೂ ಇದು ನಡೆಯುವುದಿಲ್ಲವೇ? ನಡೆಯುತ್ತದೆ. ಸಿಂಗಪುರ ನೋಡಿ. 2008ರಿಂದ ರಾತ್ರಿ ರೇಸ್, ಊರಿನ ರಸ್ತೆಯಲ್ಲೇ. ಖರ್ಚಿನ ಸುಮಾರು 60% ಸರ್ಕಾರ ಕೊಡುತ್ತದೆ. ಆದರೆ ಸುಮ್ನೆ ಕೊಡುವುದಿಲ್ಲ. ಶುರುವಿನಲ್ಲಿ ಟ್ರ್ಯಾಕ್ ಪಕ್ಕದ ಹೋಟೆಲ್‌ಗಳ ಆ ದಿನಗಳ ರೂಮ್ ಆದಾಯದ ಮೇಲೆ 30%, ದೂರದವುಗಳ ಮೇಲೆ 20% ಸೆಸ್ ಹಾಕಿತು. ರೇಸ್‌ನಿಂದ ಯಾರ ಜೇಬಿಗೆ ದುಡ್ಡು ಬರುತ್ತದೋ ಅವರಿಂದಲೇ ಶುಲ್ಕದ ಒಂದು ಪಾಲು ತೆಗೆಯುವ ದಾರಿ ಅದು. ಅಲ್ಲಿ ಊರೂ ದೇಶವೂ ಒಂದೇ, ಹೋಟೆಲ್ ಹಣ ಪಕ್ಕದ ರಾಜ್ಯಕ್ಕೆ ಹೋಗುವ ಪ್ರಶ್ನೆಯಿಲ್ಲ. ಪಕ್ಕದ ಮಲೇಷ್ಯಾ 1999ರಲ್ಲೇ ಸೆಪಾಂಗ್‌ನಲ್ಲಿ ಫಾರ್ಮುಲಾ ಒನ್ ಶುರು ಮಾಡಿತ್ತು. ಸರ್ಕಾರವೇ ಹಿಂದೆ ನಿಂತಿತ್ತು. ಟಿಕೆಟ್ ಇಳಿದು ಶುಲ್ಕ ಏರಿದಾಗ 2017ರ ರೇಸ್ ಮುಗಿಸಿ ಕೈಬಿಟ್ಟಿತು. ಮೋಟೋಜಿಪಿಯನ್ನು ಮಾತ್ರ ಇಟ್ಟುಕೊಂಡಿತು, ಅದು ಅಗ್ಗ, ಅದಕ್ಕೆ ಜನವೂ ಬರುತ್ತಾರೆ. ನನಗೆ ತುಂಬಾ ಬುದ್ಧಿವಂತಿಕೆಯ ತೀರ್ಮಾನ ಅನಿಸಿತು. ಕೊರಿಯಾದ ಯೊಂಗಾಮ್ ಟ್ರ್ಯಾಕ್ ಸೋಲ್ ನಗರದಿಂದ ಬಹಳ ದೂರ. ಅಲ್ಲಿ 2010ರಿಂದ 2013ರ ತನಕ ನಾಲ್ಕೇ ರೇಸ್.

ಸಿಂಗಪುರದ ಲೆಕ್ಕವನ್ನು ಬೆಂಗಳೂರಿಗೆ ಹಾಕಿ ನೋಡಲು ಕೆಲವು ಹೋಟೆಲ್‌ಗಳ ಮ್ಯಾನೇಜರ್‌ಗಳನ್ನು ಭೇಟಿಯಾದೆ. ಒಂದು ಒಳ್ಳೆಯ ವಿಷಯ ತಿಳಿಯಿತು. ನಮ್ಮ ಊರಿನ ದೊಡ್ಡ ಹೋಟೆಲ್‌ಗಳು ಕಂಪನಿ ಕೆಲಸಕ್ಕೆ ಬರುವವರಿಂದ ವಾರದ ದಿನ ತುಂಬುತ್ತವೆ, ಶನಿವಾರ ಭಾನುವಾರ ಖಾಲಿ. ರೇಸ್ ಬಂದರೆ ಖಾಲಿ ರೂಮ್ ತುಂಬುತ್ತದೆ, ಬೇರೆ ಗಿರಾಕಿಯನ್ನು ಓಡಿಸುವುದಿಲ್ಲ. ಇದು ನಿಜವಾದ ಲಾಭ. ಆದರೆ ಸೆಸ್ ಎಂದ ತಕ್ಷಣ ಒಬ್ಬ ಮ್ಯಾನೇಜರ್ ಮುಖ ಬಿಗಿಯಿತು. "ರೇಸ್ ನೋಡೋಕೆ ಬಂದೋರ ಬಿಲ್ ಮೇಲೆ ಹಾಕಿ ಮೇಡಂ, ನಮ್ಮ ಮೇಲೆ ಯಾಕೆ?" ಖಾಸಗಿ ಪಾಲುದಾರರು ಸೆಸ್ ಹಾಕಲು ಆಗುವುದಿಲ್ಲ. ಸರ್ಕಾರ ಮನಸ್ಸು ಮಾಡಬೇಕು. ಸರ್ಕಾರದ ಮುಂದೆ ನೀರು, ಮೆಟ್ರೋ, ರಸ್ತೆಗುಂಡಿ ಎಲ್ಲ ಇರುವಾಗ 350 ಕೋಟಿ ಶುಲ್ಕದ ಮಾತು ಎತ್ತುವವರು ಬಲವಾದ ಕಾರಣ ಹೊತ್ತು ಹೋಗಬೇಕು. ಸುಮ್ನೆ 'ಜಗತ್ತು ನಮ್ಮನ್ನು ನೋಡುತ್ತದೆ' ಎಂದರೆ ಸಾಲದು. ಜಗತ್ತು ಬೆಂಗಳೂರನ್ನು ಈಗಾಗಲೇ ನೋಡುತ್ತಿದೆ.

ವರದಿಯ ಕೊನೆಯ ಭಾಗವನ್ನು ನಾನು ಮನಸ್ಸಿಟ್ಟು ಬರೆದೆ. ದೊಡ್ಡ ರೇಸ್ ಬೇಡ ಎಂದು ಬರೆಯಲಿಲ್ಲ. ಬ್ಯಾಂಕ್ ಸಾಲದ ಮೇಲೆ ಬೇಡ ಎಂದು ಬರೆದೆ. ಶುಲ್ಕದ ಹೆಚ್ಚು ಪಾಲು ಸರ್ಕಾರವೋ, ಲಾಭ ಪಡೆಯುವ ಉದ್ಯಮಗಳೋ ಕನಿಷ್ಠ ಐದು ವರ್ಷಕ್ಕೆ ಬರವಣಿಗೆಯಲ್ಲಿ ಒಪ್ಪಿಕೊಳ್ಳುವ ತನಕ ಸಹಿ ಹಾಕಬೇಡಿ ಎಂದೆ. ಜೊತೆಗೆ ಇನ್ನೊಂದು ದಾರಿಯ ಲೆಕ್ಕ ಕೊಟ್ಟೆ. ಗ್ರೇಡ್ 1 ಬದಲು ಚಿಕ್ಕ ಟ್ರ್ಯಾಕ್. ಮೊದಲ ಹಂತದಲ್ಲಿ ಒಳ್ಳೆಯ ಕಾರ್ಟಿಂಗ್ ಟ್ರ್ಯಾಕ್, ಡ್ರೈವಿಂಗ್ ತರಬೇತಿ, ಕಾರ್ ಮತ್ತು ಬೈಕ್ ಕಂಪನಿಗಳಿಗೆ ದಿನದ ಬಾಡಿಗೆ. ಹೊಸೂರಿನಲ್ಲಿ ಟಿವಿಎಸ್ ಇದೆ, ಬಿಡದಿಯಲ್ಲಿ ಟೊಯೋಟ ಇದೆ, ಸುತ್ತ ಎಷ್ಟೋ ಬಿಡಿಭಾಗದ ಕಾರ್ಖಾನೆಗಳಿವೆ. ವರ್ಷದ ಮೂರು ದಿನಕ್ಕೆ ಕಟ್ಟಿದ ಟ್ರ್ಯಾಕ್ ಸಾಲ ತೀರಿಸುವುದಿಲ್ಲ, ವಾರಕ್ಕೆ ನಾಲ್ಕು ದಿನ ಬಾಡಿಗೆ ಹೋಗುವ ಟ್ರ್ಯಾಕ್ ತೀರಿಸುತ್ತದೆ.

ಅಂತರರಾಷ್ಟ್ರೀಯ ರೇಸ್ ಎಂದರೆ ಫಾರ್ಮುಲಾ ಒನ್ ಒಂದೇ ಅಲ್ಲ ಎಂದೂ ಬರೆದೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಡೆದಿದೆ. ಅಲ್ಲಿಗೆ 2,000 ಕೋಟಿಯ ಟ್ರ್ಯಾಕ್ ಬೇಕಿರಲಿಲ್ಲ. ತೋಟದವರ ಒಪ್ಪಿಗೆ, ಸ್ಥಳೀಯ ಕ್ಲಬ್, ರಸ್ತೆ ಮುಚ್ಚಲು ಪೊಲೀಸ್, ಕಲಿತ ಮಾರ್ಷಲ್‌ಗಳು ಸಾಕಾಯಿತು. ಬಂದವರು ಆ ಊರಿನ ಹೋಂಸ್ಟೇಗಳಲ್ಲೇ ಉಳಿದರು, ದುಡ್ಡು ಅಲ್ಲೇ ಉಳಿಯಿತು. ಡಾಕರ್ ರ್‍ಯಾಲಿ ಎಂಬ ಬಹುದಿನಗಳ ಕಠಿಣ ಓಟ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು, 2015ರಲ್ಲಿ. 2019ರಲ್ಲಿ ಎಫ್‌ಐಎಂ (ಜಾಗತಿಕ ಬೈಕ್ ರೇಸ್ ಸಂಸ್ಥೆ) ನಡೆಸುವ ಬಾಹಾ ಎಂಬ ಕಚ್ಚಾದಾರಿ ಓಟದ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನವರು. ಫಾರ್ಮುಲಾ ಒನ್‌ನ ಕೆಳಗಿನ ಮೆಟ್ಟಿಲಾದ ಫಾರ್ಮುಲಾ 2ರಲ್ಲಿ ಓಡಿಸಿದ ಕುಶ್ ಮೈನಿ ಬೆಂಗಳೂರಿನವರು. ಒಂದು ಗ್ರಾಂಡ್ ಪ್ರೀ ಟ್ರ್ಯಾಕ್ ಇಲ್ಲದ ಊರು ಇಷ್ಟು ಜನರನ್ನು ಕೊಟ್ಟಿದೆ. ಕಲಿಯಲು ಜಾಗ ಕೊಟ್ಟರೆ ಎಷ್ಟು ಕೊಡಬಹುದು! ಇದನ್ನು ಪಾಲುದಾರರ ಮುಂದೆ ಓದುವಾಗ ನನ್ನ ದನಿ ಏರಿತ್ತಂತೆ, ಪಾರ್ಟ್‌ನರ್ ಸರ್ ಆಮೇಲೆ ಹೇಳಿದರು.

ಕೊನೆಯ ಮೀಟಿಂಗ್ ಬಹಳ ಹೊತ್ತು ನಡೆಯಿತು. ಕಿರಿಯ ಪಾಲುದಾರರಿಗೆ ಸಮಾಧಾನ ಆಗಲಿಲ್ಲ. ಅವರಿಗೆ ಫಾರ್ಮುಲಾ ಒನ್ ಬೇಕು, ನನಗೂ ಬೇಕು, ಆ ವಿಷಯದಲ್ಲಿ ಜಗಳವಿಲ್ಲ. ಹಿರಿಯರು ಡಾಲರ್ ದರದ ಪುಟವನ್ನು ಮತ್ತೆ ಮತ್ತೆ ತಿರುವಿ ನೋಡಿದರು. ಮೂರನೆಯವರು ಬಾಡಿಗೆ ದಿನಗಳ ಪಟ್ಟಿ ಹಿಡಿದು ಒಂದೊಂದು ಸಾಲಿಗೂ ಪ್ರಶ್ನೆ ಕೇಳಿದರು. ಮಳೆಗಾಲದಲ್ಲಿ ಎಷ್ಟು ದಿನ ಹೋಗುತ್ತದೆ, ಸದ್ದಿನ ಬಗ್ಗೆ ಹಳ್ಳಿಯವರು ಏನು ಹೇಳುತ್ತಾರೆ, ವಿಮೆ ಯಾರದು. ಎಲ್ಲ ಸರಿಯಾದ ಪ್ರಶ್ನೆಗಳೇ.

ದೊಡ್ಡ ಟ್ರ್ಯಾಕ್‌ನ ಫೈಲನ್ನು ಅವರು ಸದ್ಯಕ್ಕೆ ಬದಿಗಿಟ್ಟರು. ಚಿಕ್ಕ ಟ್ರ್ಯಾಕ್‌ಗೆ ಬೇರೆ ವರದಿ ಬೇಕು ಎಂದರು. ಅದಕ್ಕೆ ಬೇಕಾದ ಜಮೀನಿನ ಕನ್ವರ್ಷನ್ ಅರ್ಜಿ ಹಾಕಿದ್ದಾರೆ. ಮಾರ್ಷಲ್ ಹುಡುಗನ ನಂಬರ್ ನನ್ನ ಹತ್ತಿರ ಇತ್ತು, ಕೊಟ್ಟೆ. ತರಬೇತಿಗೆ ಎಷ್ಟು ಜನ ಬೇಕು, ಯಾವ ಕ್ಲಬ್ ಮೂಲಕ ಮಾಡಬೇಕು ಎಂದು ಹಿರಿಯ ಪಾಲುದಾರರು ಅವನ ಜೊತೆ ಮಾತಾಡುತ್ತಿದ್ದಾರೆ.